ಐದು ಸಾವಿರ ಕೋಳಿಗೆ ಒಂದು ಟ್ಯಾಂಕು

ಚಿತ್ರದುರ್ಗದಿಂದ ಹೊಸಪೇಟೆ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಾನಹೊಸಹಳ್ಳಿ ಸಿಗುತ್ತದೆ. ಊರಿಗೆ ಹತ್ತಿರದಲ್ಲೇ ಹೆದ್ದಾರಿಗೆ ಮುಖ ಮಾಡಿ ಒಂದು ತಗಡಿನ ಕೋಳಿ ಅಂಗಡಿ. ಅದರ ಬೆನ್ನಿಗೆ ಮಣ್ಣಿನ ದಾರಿ, ದಾರಿ ಮುಗಿಯುವಲ್ಲಿ ಉದ್ದನೆಯ ಎರಡು ಶೆಡ್ಡು. ನಾನು ಹೋದಾಗ ಬೆಳಗಿನ ಏಳೂವರೆ. ದಾರಿಯ ಒಂದು ಬದಿಗೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಇನ್ನೊಂದು ಬದಿಗೆ ಮಸಾರಿ ಹೊಲ, ಶೇಂಗಾ ಹಳದಿ ಹೂ ಬಿಟ್ಟಿತ್ತು, ನಡುನಡುವೆ ತೊಗರಿಯ ಅಕ್ಕಡಿ ಸಾಲು. ಆ ಅಕ್ಕಡಿ ಸಾಲನ್ನು ಸುಮ್ಮನೆ ನೋಡಿಕೊಂಡು ನಡೆದೆ. ಶೆಡ್ಡಿನ ಒಳಗೆ ಹೋದ ಮೇಲೆ ಅದು ಮತ್ತೆ ನೆನಪಿಗೆ ಬಂತು.

ನಾನು ಕೋಳಿ ಸಾಕಲು ಹೊರಟವನಲ್ಲ. ಹೋದ ವರ್ಷ ಮನೆಯಲ್ಲಿ ನನ್ನ ಅತ್ತೆಗೆ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಐದು ದಿನ ನುಂಗಿದ ಮಾತ್ರೆ ಏನೂ ಮಾಡಲಿಲ್ಲ. ಮಾತ್ರೆ ಬದಲಾಯಿತು, ಜ್ವರ ಇಳಿಯಲಿಲ್ಲ. ಆಮೇಲೆ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕೊಟ್ಟೆವು. ಮೂರನೇ ದಿನ ಬಂದ ಕಾಗದದಲ್ಲಿ ಮೇಲೆ ‘ಇ. ಕೋಲೈ’ ಎಂದಿತ್ತು, ಕೆಳಗೆ ಔಷಧಗಳ ಉದ್ದದ ಪಟ್ಟಿ. ಪ್ರತಿ ಔಷಧದ ಎದುರಿಗೆ ಒಂದೇ ಅಕ್ಷರ: ನಾಟುವ ಔಷಧಕ್ಕೆ ‘ಎಸ್’, ನಾಟದ್ದಕ್ಕೆ ‘ಆರ್’. ಆಂಪಿಸಿಲಿನ್ ಆರ್. ಸಿಪ್ರೊಫ್ಲಾಕ್ಸಾಸಿನ್ ಆರ್. ಸೆಫ್ಟ್ರಿಯಾಕ್ಸೋನ್ ಆರ್. ಬೆರಳಿಟ್ಟು ಕೆಳಗಿಳಿಯುತ್ತ ಹೋದರೆ ‘ಎಸ್’ ಸಿಕ್ಕಿದ್ದು ಮೂರೋ ನಾಲ್ಕೋ ಕಡೆ, ಅವುಗಳಲ್ಲೂ ಹೆಚ್ಚಿನವು ಆಸ್ಪತ್ರೆಯಲ್ಲಿ ಮಲಗಿಸಿ ಚುಚ್ಚಬೇಕಾದವು. ಅತ್ತೆ ಹುಷಾರಾದರು. ಆ ಕಾಗದ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಒಂದು ಬ್ಯಾಕ್ಟೀರಿಯಾ ಇಷ್ಟೊಂದು ಔಷಧ ತಡೆಯುವುದನ್ನು ಎಲ್ಲಿ ಕಲಿತಿರಬಹುದು? ಅತ್ತೆಯ ಸೋಂಕಿಗೂ ನಾನು ನೋಡಿದ ಈ ಶೆಡ್ಡಿಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಆದರೆ ಅಂಥ ಕಲಿಕೆ ನಡೆಯಬಹುದಾದ ಒಂದು ಜಾಗವನ್ನು ಕಣ್ಣಾರೆ ನೋಡಬೇಕೆನಿಸಿತ್ತು.

ಗೇಟು ತೆಗೆದವರು ಅಲ್ಲೇ ಉಳಿದುಕೊಂಡು ಕೋಳಿ ನೋಡಿಕೊಳ್ಳುವ ಹೆಂಗಸು. ನಲವತ್ತರ ಆಸುಪಾಸು. ತಲೆಗೆ ಟವೆಲ್ ಸುತ್ತಿದ್ದರು, ಕೈಯಲ್ಲಿ ಕಬ್ಬಿಣದ ಹಲ್ಲಿನ ಕುಂಟೆ. ‘ಬರ್ರಿ ಸಾರ್, ಚಪ್ಲಿ ಬಿಚ್ಚಬ್ಯಾಡ್ರಿ, ಅದ್ರಾಗ ಕಾಲಿಟ್ಟು ಬರ್ರಿ’ ಎಂದರು. ಗೇಟಿನ ಒಳಗೇ ಸಿಮೆಂಟಿನ ಸಣ್ಣ ತೊಟ್ಟಿ, ಅದರಲ್ಲಿ ಪರ್ಮಾಂಗನೇಟ್ ನೀರು. ಹೊಸದಾಗಿ ಕಲಸಿದ್ದರೆ ನೇರಳೆ ಬಣ್ಣ ಇರಬೇಕು. ಇದು ಕಂದಾಗಿತ್ತು. ಕಾಲಿನ ಮಣ್ಣು, ಹಿಕ್ಕೆ, ಬಿಸಿಲು ಸೇರಿ ಅದರ ಕಸುವು ತೀರಿದರೆ ಬಣ್ಣ ಹೀಗಾಗುತ್ತದೆ. ನಾನು ನೋಡುವುದನ್ನು ಅವರೂ ನೋಡಿದರು. ‘ನಿನ್ನೆ ಹಾಕಿದ್ದು, ಈಗ ಚೆಲ್ಲಿ ಹಾಕ್ತೀನಿ ಅಕ್ಕಳ್ರಿ’ ಎಂದು ನನ್ನೆದುರೇ ಬಕೆಟ್ಟಿನಲ್ಲಿ ತೋಡಿ ಚೆಲ್ಲಿ ಹೊಸದನ್ನು ಕಲಸಿದರು. ನೇರಳೆ ನೀರಿನಲ್ಲಿ ಕಾಲಿಟ್ಟು ಒಳಗೆ ಹೋದೆ.

ಮೊದಲ ಶೆಡ್ಡಿನಲ್ಲಿ ಒಂದು ದಿನದ ಮರಿಗಳು. ನೆಲಕ್ಕೆ ನಾಲ್ಕು ಬೆರಳು ದಪ್ಪ ಶೇಂಗಾ ಸಿಪ್ಪೆ ಹಾಸಿ ಅದರ ಮೇಲೆ ಹಳೆಯ ದಿನಪತ್ರಿಕೆ ಹರವಿದ್ದರು. ಬೇರೆ ಸೀಮೆಯಲ್ಲಿ ಭತ್ತದ ಹೊಟ್ಟು ಹಾಸುತ್ತಾರೆ, ಶೇಂಗಾ ಬೆಳೆಯುವ ಇಲ್ಲಿ ಸಿಪ್ಪೆಯೇ ಅಗ್ಗ. ತಗಡನ್ನು ದುಂಡಗೆ ನಿಲ್ಲಿಸಿ ಮಾಡಿದ ಆವರಣಗಳು, ಪ್ರತಿಯೊಂದರ ನಡುವೆ ತೂಗುಬಿಟ್ಟ ಬಲ್ಬು, ಬಲ್ಬಿನ ಕೆಳಗೆ ಹಳದಿ ಉಂಡೆಗಳಂತೆ ಮರಿಗಳು. ಪತ್ರಿಕೆಯ ಮೇಲೆ ಉದುರಿಸಿದ ಮೆಕ್ಕೆಜೋಳದ ನುಚ್ಚನ್ನು ಟಪಟಪ ಕುಕ್ಕುತ್ತಿದ್ದವು. ಮೊದಲ ನೀರಿಗೆ ಬೆಲ್ಲ ಹಾಕಿದ್ದಾರಂತೆ, ದಾರಿಯ ದಣಿವು ಹೋಗಲಿ ಎಂದು. ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ನಲವತ್ತು ಗ್ರಾಂ ಇರಬಹುದು. ಇನ್ನು ನಲವತ್ತು ದಿನಕ್ಕೆ ಅದು ಎರಡು ಕಿಲೋ.

ನನಗೆ ಎದ್ದು ಕಂಡಿದ್ದು ಮರಿಗಳು ಒಂದರಂತೆ ಒಂದಿರುವುದು. ಒಂದೇ ತಳಿ, ಒಂದೇ ದಿನ ಒಡೆದ ಮೊಟ್ಟೆ, ಒಂದೇ ಆಹಾರ. ಮೊಟ್ಟೆಯಿಂದ ಹೊರಬಂದಾಗ ಅವುಗಳ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚೇನೂ ಇರುವುದಿಲ್ಲ. ಕೆಲವೇ ತಾಸಿನಲ್ಲಿ ಕುಕ್ಕಿದ ಕಾಳಿನಿಂದ, ನೀರಿನಿಂದ, ನೆಲದಿಂದ, ಪಕ್ಕದ ಮರಿಯ ಹಿಕ್ಕೆಯಿಂದ ಕರುಳು ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಳ್ಳುವ ಬ್ಯಾಕ್ಟೀರಿಯಾ ಮಾತ್ರ ಮರಿಗಳಂತೆ ಒಂದೇ ಅಚ್ಚಿನದಲ್ಲ.

ಅಕ್ಕಡಿ ಸಾಲು ನೆನಪಾದದ್ದು ಇಲ್ಲಿ. ಶೇಂಗಾ ಹೊಲದಲ್ಲಿ ತೊಗರಿ, ಅಲಸಂದೆ ಹಾಕುವುದು ಯಾಕೆಂದು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಹೇಗೇ ಬರಲಿ, ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಇ. ಕೋಲೈ ಎಂಬ ಒಂದೇ ಹೆಸರಿನ ಒಳಗೂ ಅಂಥ ಬೆರಕೆ ಇದೆ. ಒಂದು ಇ. ಕೋಲೈ ಕೋಶದಲ್ಲಿ ಸುಮಾರು ನಾಲ್ಕೈದು ಸಾವಿರ ಜೀನುಗಳು. ಎಲ್ಲ ಇ. ಕೋಲೈಗಳಲ್ಲೂ ತಪ್ಪದೆ ಇರುವವು ಅದರ ಅರ್ಧದಷ್ಟೂ ಆಗಲಿಕ್ಕಿಲ್ಲ. ಉಳಿದವು ಒಂದೊಂದರಲ್ಲಿ ಒಂದೊಂದು. ಹೆಚ್ಚಿನವು ಕರುಳಿನಲ್ಲಿ ಯಾರಿಗೂ ತೊಂದರೆ ಕೊಡದೆ ಬದುಕುತ್ತವೆ, ಕೆಲವು ಭೇದಿ ತರುತ್ತವೆ, ಕೆಲವು ಮೂತ್ರಕೋಶಕ್ಕೆ ಏರುತ್ತವೆ. ಸಾಲ್ಮೊನೆಲ್ಲಾ ಕೂಡ ಹೀಗೇ. ಅದರಲ್ಲಿ ಗುರುತಿಸಿರುವ ಬಗೆಗಳೇ 2,500ಕ್ಕಿಂತ ಹೆಚ್ಚು, ಅನೇಕಕ್ಕೆ ಮೊದಲು ಸಿಕ್ಕ ಜಾಗದ ಹೆಸರು: ಡಬ್ಲಿನ್, ಹೈಡೆಲ್‌ಬರ್ಗ್, ಕೆಂಟಕಿ. ನಮ್ಮಲ್ಲಿ ಟೈಫಾಯ್ಡ್ ತರುವುದೂ ಅದರಲ್ಲೊಂದು ಬಗೆ, ಆದರೆ ಅದು ಮನುಷ್ಯರಲ್ಲೇ ಇರುವಂಥದು, ಕೋಳಿಯಿಂದ ಬರುವುದಿಲ್ಲ. ಕೋಳಿ, ಮೊಟ್ಟೆಗಳ ಮೂಲಕ ಬಂದು ವಾಂತಿ ಭೇದಿ ಮಾಡಿಸುವವು ಅದರ ದಾಯಾದಿಗಳು.

ಎರಡನೇ ಶೆಡ್ಡಿನಲ್ಲಿ ಮೂವತ್ತೆರಡು ದಿನದ ಕೋಳಿಗಳು. ಬಾಗಿಲು ದಾಟುತ್ತಲೇ ಅಮೋನಿಯಾ ಮೂಗಿಗೆ ಹೊಡೆಯಿತು, ತಡೆಯಲಾರದಷ್ಟೇನಲ್ಲ. ಎರಡೂ ಬದಿಗೆ ಮೊಳಕಾಲೆತ್ತರದ ಗೋಡೆ, ಮೇಲೆ ತಂತಿ ಜಾಲರಿ, ಖಾಲಿ ಫೀಡ್ ಚೀಲಗಳನ್ನು ಬಿಚ್ಚಿ ಹೊಲಿದ ಪರದೆ. ನೆಲವೇ ಕಾಣದಂತೆ ಬಿಳಿ ಕೋಳಿಗಳು. ನಾವು ಹೆಜ್ಜೆ ಇಟ್ಟಲ್ಲಿ ಬೇರೆಯಾಗಿ ಮತ್ತೆ ಕೂಡಿಕೊಳ್ಳುತ್ತಿದ್ದವು. ಆಕೆ ಕುಂಟೆ ಹಿಡಿದು ಒಂದು ಮೂಲೆಯಿಂದ ಸಿಪ್ಪೆಯನ್ನು ಕೆದಕಿ ಮಗುಚಿಹಾಕುತ್ತ ಬಂದರು. ದಿನಕ್ಕೆ ಒಂದು ಸಲವಾದರೂ ಹೀಗೆ ಮಾಡದಿದ್ದರೆ ಹಿಕ್ಕೆ ನೀರು ಕೂಡಿ ರೊಟ್ಟಿಯಂತೆ ಗಟ್ಟಿಯಾಗುತ್ತದೆ, ರೋಗ ಅಲ್ಲಿಂದಲೇ ಶುರು. ‘ಇದು ಒಣಗಿದ್ರ ಕೋಳಿ ಆರಾಮ್ ಇರ್ತಾವ್ರಿ. ಮಳಿಗಾಲ್ದಾಗ ನಮ್ಮ ರಟ್ಟಿ ಬಿದ್ದು ಹೋಗ್ತಾವ’ ಎಂದರು. ಆ ಹತ್ತು ನಿಮಿಷದ ಕೆಲಸವನ್ನು ನಾನು ನಿಂತು ನೋಡಿದೆ. ಔಷಧ ಬೇಕಾಗದಂತೆ ನೋಡಿಕೊಳ್ಳುವ ಕೆಲಸ ಅದು. ಅದಕ್ಕೆ ಯಾವ ಸೀಸೆಯೂ ಇಲ್ಲ, ಚೀಟಿಯೂ ಇಲ್ಲ.

ಆಕೆ ಕೆದಕುತ್ತಿದ್ದಾಗ ನಾನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದೆ. ಬೆಚ್ಚಗಿನ ಜಾಗ, ತಿನ್ನಲು ಸಾಕಷ್ಟು ಇದ್ದರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲದು. ಯಾವ ಅಡ್ಡಿಯೂ ಇಲ್ಲದಿದ್ದರೆ ಎಂಟು ತಾಸಿಗೆ 24 ಸಲ ಇಮ್ಮಡಿಯಾಗಿ ಒಂದು ಕೋಶ 1 ಕೋಟಿ 67 ಲಕ್ಷವಾಗುತ್ತದೆ. ಪ್ರತಿ ಸಲ ತನ್ನ ಡಿಎನ್‌ಎ ನಕಲು ಮಾಡುವಾಗ, ಸರಿಸುಮಾರು ಸಾವಿರ ನಕಲಿಗೆ ಒಂದರಲ್ಲಿ ಅಕ್ಷರ ತಪ್ಪುತ್ತದೆ. ಅಂದರೆ ಒಂದು ರಾತ್ರಿ ಕಳೆಯುವುದರೊಳಗೆ ಹದಿನಾರು ಸಾವಿರದಷ್ಟು ಹೊಸ ತಪ್ಪುಗಳು. ಬಹುಪಾಲು ಯಾವ ಪ್ರಯೋಜನಕ್ಕೂ ಬಾರದವು. ಯಾವುದೋ ಒಂದು ತಪ್ಪು ಔಷಧ ಹೋಗಿ ಕೂರುವ ಜಾಗದ ಆಕಾರವನ್ನೇ ಚೂರು ಬದಲಿಸಿಬಿಡುತ್ತದೆ. ಕೋಳಿಯ ಕರುಳಿನಲ್ಲಿ ಇಷ್ಟು ಸಲೀಸಾಗಿ ಬೆಳೆಯಲು ಆಗುವುದಿಲ್ಲ, ನಿಜ. ಆದರೆ ನನ್ನೆದುರಿಗೆ ಇದ್ದದ್ದು ಒಂದು ಕೋಳಿಯಲ್ಲ, ಐದು ಸಾವಿರ.

ಶೆಡ್ಡಿನ ಹಿಂದೆ, ನಾಲ್ಕು ಕಲ್ಲುಕಂಬದ ಮೇಲೆ ಐನೂರು ಲೀಟರಿನ ಕಪ್ಪು ಟ್ಯಾಂಕು. ಅಲ್ಲಿಂದ ಪೈಪು ಇಳಿದು ಶೆಡ್ಡಿನ ಉದ್ದಕ್ಕೂ ಓಡಿ ಸಾಲು ಸಾಲು ಕೆಂಪು ನಿಪ್ಪಲ್ಲುಗಳಿಗೆ ನೀರು ಕೊಡುತ್ತದೆ. ಕೋಳಿ ಕೊಕ್ಕಿನಿಂದ ಒತ್ತಿದರೆ ಒಂದು ಹನಿ. ಟ್ಯಾಂಕಿನ ಪಕ್ಕ ಪುಟ್ಟ ಕೋಣೆ, ಒಳಗೆ ಮರದ ಹಲಗೆ. ಹಲಗೆಯ ಮೇಲೆ ಸಾಲಾಗಿ ವಿಟಮಿನ್ನು, ಲಿವರ್ ಟಾನಿಕ್ಕು, ಕ್ಯಾಲ್ಸಿಯಂ, ನೀರಿಗೆ ಹಾಕುವ ಕ್ಲೋರಿನ್ನು. ಲಸಿಕೆ ತಂದ ಥರ್ಮಾಕೋಲ್ ಡಬ್ಬ. ಹೆಸರಿನ ಚೀಟಿಯೇ ಹರಿದುಹೋದ ಒಂದು ಪುಡಿಯ ಪೊಟ್ಟಣ. ಅದೇನೆಂದು ನನಗೂ ತಿಳಿಯಲಿಲ್ಲ, ಆಕೆಗೂ ನೆನಪಿರಲಿಲ್ಲ. ಅವುಗಳ ನಡುವೆ ಅರ್ಧ ಖಾಲಿಯಾದ ಒಂದು ಲೀಟರಿನ ಬಿಳಿ ಸೀಸೆ, ಮೇಲೆ ‘ಎನ್ರೊಫ್ಲಾಕ್ಸಾಸಿನ್’.

ಆ ಸೀಸೆಯನ್ನು ಕೈಗೆತ್ತಿಕೊಂಡೆ. ಎನ್ರೊಫ್ಲಾಕ್ಸಾಸಿನ್ ಪ್ರಾಣಿಗಳ ಔಷಧ. ಪ್ರಾಣಿಯ ದೇಹದೊಳಗೆ ಅದರ ಒಂದು ಪಾಲು ಸಿಪ್ರೊಫ್ಲಾಕ್ಸಾಸಿನ್ ಆಗಿ ಮಾರ್ಪಡುತ್ತದೆ. ಅತ್ತೆಯ ಕಾಗದದಲ್ಲಿ ‘ಆರ್’ ಬಿದ್ದಿದ್ದ ಅದೇ ಸಿಪ್ರೊಫ್ಲಾಕ್ಸಾಸಿನ್. ಎರಡೂ ಒಂದೇ ಮನೆತನ, ಒಂದನ್ನು ತಡೆಯಲು ಕಲಿತ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇನ್ನೊಂದನ್ನೂ ತಡೆಯುತ್ತದೆ. ಅಮೆರಿಕದಲ್ಲಿ 2005ರಲ್ಲಿ ಈ ಔಷಧವನ್ನು ಕೋಳಿಗಳಿಗೆ ಕೊಡುವ ಅನುಮತಿಯನ್ನು ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ. ಭೇದಿ ತರುವ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕೋಳಿಯಲ್ಲಿ ಈ ಔಷಧಕ್ಕೆ ಒಗ್ಗಿಕೊಂಡು ಮನುಷ್ಯರಿಗೆ ಬರುತ್ತಿತ್ತು.

‘ಇದನ್ನ ಹೆಂಗ್ ಕೊಡ್ತೀರಮ್ಮ?’ ಎಂದೆ. ‘ನಾಕೈದು ಕೋಳಿ ಮುದುಡಿ ಕುಂತ್ರ ಫೋನ್ ಮಾಡ್ತೀವ್ರಿ. ಕಂಪನಿ ಡಾಕ್ಟ್ರು ಹೇಳಿದಷ್ಟು ಟ್ಯಾಂಕಿಗೆ ಹಾಕಿ ಕೋಲಿಲೆ ತಿರುವ್ತೀನಿ. ಐದು ದಿನ. ಇವತ್ತು ಮೂರ್ನೇ ದಿನ.’ ಟ್ಯಾಂಕಿಗೆ ಆನಿಸಿಟ್ಟ ಬಿದಿರು ಕೋಲು ತೋರಿಸಿದರು, ತುದಿ ಒದ್ದೆಯಿತ್ತು.

ನಾಲ್ಕೈದು ಕೋಳಿ ಮುದುಡಿದರೆ ಐದು ಸಾವಿರಕ್ಕೂ ಔಷಧ. ಒಂದೊಂದನ್ನೇ ಹಿಡಿದು ಬಾಯಿಗೆ ಹನಿಸುವುದು ಆಗದ ಮಾತು, ಒಪ್ಪುತ್ತೇನೆ. ಆದರೆ ಟ್ಯಾಂಕಿನ ಪಕ್ಕ ನಿಂತಾಗ ಇನ್ನೊಂದು ಸಂಗತಿ ಹೊಳೆಯಿತು. ಹುಷಾರಿಲ್ಲದ ಕೋಳಿ ನೀರು ಕುಡಿಯುವುದೇ ಕಡಿಮೆ. ಗಟ್ಟಿಮುಟ್ಟಾದದ್ದು ಬಿಸಿಲೇರಿದಂತೆ ಹೊಟ್ಟೆ ತುಂಬ ಕುಡಿಯುತ್ತದೆ. ಯಾರಿಗೆ ಬೇಕೋ ಅವರಿಗೆ ಅರೆಪ್ರಮಾಣ, ಬೇಡದವರಿಗೆ ಪೂರ್ತಿ. ಅರೆಪ್ರಮಾಣ ಸಿಕ್ಕ ಕರುಳಿನಲ್ಲಿ ಮೆತ್ತನೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಸ್ವಲ್ಪ ತಡೆಯಬಲ್ಲವು ಉಳಿದು ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಎಡೆ ಹೊಡೆದ ಹೊಲದಲ್ಲಿ ಕುಂಟೆಗೆ ಸಿಕ್ಕದೆ ಉಳಿದ ಕಳೆಯೇ ಮುಂದಿನ ಮಳೆಗೆ ಬೀಜ ಉದುರಿಸುವಂತೆ.

ನಾನು ಆಕೆಯ ಮೇಲೆ ತಪ್ಪು ಹೊರಿಸಲಾರೆ. ಮರಿ, ಆಹಾರ, ಔಷಧ ಎಲ್ಲ ಕಂಪನಿಯದು; ಶೆಡ್ಡು, ಕರೆಂಟು, ದುಡಿಮೆ ಸಾಕುವವರದು. ಸಾಕಣೆ ಕೂಲಿ ತೂಗಿ ಕೊಡುವ ಲೆಕ್ಕ, ಸತ್ತ ಕೋಳಿ ತಕ್ಕಡಿಗೆ ಬರುವುದಿಲ್ಲ. ಹಾಗಿರುವಾಗ ಐದು ಕೋಳಿ ಮುದುಡಿ ಕೂತರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಮುದುಡಿದ ಕೋಳಿಯೊಂದನ್ನು ಪರೀಕ್ಷೆಗೆ ಕಳಿಸಿ, ಯಾವ ಔಷಧ ನಾಟುತ್ತದೆಂದು ತಿಳಿದು ಕೊಡುವಷ್ಟು ಹತ್ತಿರದಲ್ಲಿ ಒಂದು ಪ್ರಯೋಗಾಲಯ ಇರಬೇಕು, ಉತ್ತರ ಬೇಗ ಬರಬೇಕು. ನನ್ನ ಅತ್ತೆಗೆ ಕೊನೆಗಾದರೂ ಸಿಕ್ಕ ಆ ಕಾಗದ ಈ ಶೆಡ್ಡಿಗೂ ಸಿಗಬೇಕು ಎಂದು ನನಗೆ ಬಲವಾಗಿ ಅನಿಸಿತು.

ಸೀಸೆಯ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ, ಔಷಧ ನಿಲ್ಲಿಸಿ ಎಷ್ಟು ದಿನದ ಮೇಲೆ ಮಾಂಸಕ್ಕೆ ಬಳಸಬಹುದು ಎಂದು ಬರೆದಿತ್ತು. ನಮ್ಮ ಔಷಧ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೀಗೆ ನಮೂದಿಸುವುದು ಕಡ್ಡಾಯ. ಆಯಾ ಔಷಧಕ್ಕೆ ಅವಧಿ ಗೊತ್ತುಮಾಡಿಲ್ಲದಿದ್ದರೆ ಮೊಟ್ಟೆ, ಹಾಲಿಗೆ ಕನಿಷ್ಠ 7 ದಿನ, ಕೋಳಿ ಮತ್ತು ಇತರ ಪ್ರಾಣಿಗಳ ಮಾಂಸಕ್ಕೆ 28 ದಿನ. ನಲವತ್ತು ದಿನ ಬದುಕುವ ಕೋಳಿಗೆ ಇಪ್ಪತ್ತೆಂಟು ದಿನ ಎಂದರೆ ಹನ್ನೆರಡನೇ ದಿನದ ಮೇಲೆ ಅಂಥ ಔಷಧ ಮುಟ್ಟಿಸುವಂತೆಯೇ ಇಲ್ಲ. ಈ ಸೀಸೆಯಲ್ಲಿದ್ದ ಅವಧಿ ಅದಕ್ಕಿಂತ ಬಹಳ ಕಡಿಮೆ. ಆಕೆ ದಿನಗಳನ್ನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತಿ ಗುರುತಿಟ್ಟಿದ್ದರು.

ಇಲ್ಲಿ ಎರಡು ಸಂಗತಿಗಳು ಕಲೆಸಿಹೋಗುತ್ತವೆ, ನಾನೂ ಬಹಳ ಕಾಲ ಕಲೆಸಿಕೊಂಡಿದ್ದೆ. ದಿನ ಕಾದರೆ ಮಾಂಸದಲ್ಲಿ ಉಳಿದ ಔಷಧದ ಅಂಶ ಇಳಿಯುತ್ತದೆ. ಆ ಔಷಧದಿಂದ ಆಯ್ದು ಉಳಿದ ಬ್ಯಾಕ್ಟೀರಿಯಾ ಇಳಿಯಬೇಕೆಂದಿಲ್ಲ. ಅದು ಕರುಳಿನಲ್ಲಿ, ಸಿಪ್ಪೆಯಲ್ಲಿ, ಪೈಪಿನ ಒಳಗೋಡೆಯ ಲೋಳೆಯಲ್ಲಿ ಇದ್ದುಕೊಂಡಿರುತ್ತದೆ. ಮಾಂಸದಲ್ಲಿ ಔಷಧದ ಅಂಶ ಹುಡುಕುವ ಪರೀಕ್ಷೆಯಲ್ಲಿ ಪಾಸಾದ ಕೋಳಿಯ ಮೇಲೂ ಅದು ಇರಬಹುದು.

ಕೋಣೆಯ ಹಿಂದಕ್ಕೆ ಹೋದರೆ ಗೊಬ್ಬರದ ರಾಶಿ. ಹಿಂದಿನ ಬ್ಯಾಚಿನ ಸಿಪ್ಪೆ, ಹಿಕ್ಕೆ, ಪುಕ್ಕ ಎಲ್ಲ ಕೂಡಿ ಆಳೆತ್ತರ. ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರುತ್ತಾರಂತೆ. ‘ಉಳ್ಳಾಗಡ್ಡಿ ಹೊಲದವ್ರು ಒಯ್ತಾರ, ದಾಳಿಂಬ್ರಿ ತೋಟದವ್ರು ಒಯ್ತಾರ’ ಎಂದರು. ರಾಶಿಯಲ್ಲಿ ಕೈ ತೂರಿಸಿ ನೋಡಿದೆ. ಮೊಣಕೈ ಆಳದಲ್ಲಿ ಕೈ ಸುಡುವಷ್ಟು ಬಿಸಿ, ಅಂಚಿನಲ್ಲಿ ತಣ್ಣಗೆ. ಒಳಗಿನ ಆ ಕಾವು ನಿಂತರೆ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ರಾಶಿಯನ್ನು ಆಗಾಗ ತಿರುವಿ ಅಂಚನ್ನು ಒಳಗೆ ಹಾಕಬೇಕು. ಅಂಚಿನಲ್ಲಿದ್ದದ್ದು ಹಾಗೇ ಹೊಲಕ್ಕೆ ಹೋದರೆ ಅದರ ಜೊತೆ ಬದುಕಿರುವವೂ ಹೋಗುತ್ತವೆ.

ಹೊಲದ ಮಣ್ಣಿನಲ್ಲಿ ಅವು ಬೇರೆ ಬ್ಯಾಕ್ಟೀರಿಯಾಗಳ ಪಕ್ಕ ಬರುತ್ತವೆ. ಅಕ್ಷರ ತಪ್ಪಿಗಿಂತ ವೇಗದ ದಾರಿ ಆಗ ತೆರೆಯುತ್ತದೆ. ನಮ್ಮಲ್ಲಿ ಆಸ್ತಿ ಅಪ್ಪನಿಂದ ಮಗನಿಗೆ ಬರುತ್ತದೆ, ಬ್ಯಾಕ್ಟೀರಿಯಾಗಳಲ್ಲಿ ಅದರ ಜೊತೆಗೆ ಕೈಗಡವೂ ನಡೆಯುತ್ತದೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯನ್ನು ಒಂದು ಕೋಶ ಇನ್ನೊಂದಕ್ಕೆ ದಾಟಿಸುತ್ತದೆ, ತನ್ನ ಪ್ರತಿಯನ್ನೂ ಇಟ್ಟುಕೊಳ್ಳುತ್ತದೆ. ತೀರಿಸಬೇಕಾಗಿಲ್ಲದ ಕೈಗಡ. ಒಂದೇ ಬಳೆಯಲ್ಲಿ ನಾಲ್ಕೈದು ಔಷಧಗಳನ್ನು ತಡೆಯುವ ಜೀನುಗಳು ಒಟ್ಟಿಗೆ ಇರಬಹುದು. ಇದು ಮೊದಲು ಬೆಳಕಿಗೆ ಬಂದದ್ದು ಜಪಾನಿನಲ್ಲಿ. ಅಲ್ಲಿ 1950ರ ದಶಕದಲ್ಲಿ ರಕ್ತಭೇದಿಯ ಶಿಗೆಲ್ಲಾ ನಾಲ್ಕು ಔಷಧಗಳನ್ನು ಒಟ್ಟಿಗೇ ತಡೆಯತೊಡಗಿತು. ಆ ಗುಣ ಶಿಗೆಲ್ಲಾ ಮತ್ತು ಇ. ಕೋಲೈಗಳ ನಡುವೆ ದಾಟುತ್ತದೆಂದು 1959ರಲ್ಲಿ ತೋರಿಸಿದರು. ಕೊನೆಯ ಆಸರೆಯೆಂದು ವೈದ್ಯರು ತೆಗೆದಿಟ್ಟುಕೊಂಡ ಕೊಲಿಸ್ಟಿನ್‌ಗೂ ಹೀಗೇ ಆಯಿತು. ಅದನ್ನು ತಡೆಯುವ ಜೀನು ಪ್ಲಾಸ್ಮಿಡ್ಡಿನ ಮೇಲೆಯೇ ಕೂತಿರುವುದು 2015ರಲ್ಲಿ ಚೀನಾದ ಹಂದಿ, ಮಾಂಸ, ರೋಗಿಗಳ ಮಾದರಿಗಳಲ್ಲಿ ಕಂಡಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಕೋಣೆಯ ಹಲಗೆಯ ಮೇಲೆ ನಾನು ಅದನ್ನು ಹುಡುಕಿದೆ, ಕಾಣಲಿಲ್ಲ. ಸಮಾಧಾನವಾಯಿತು.

ಇದು ಮಾಂಸ ತಿನ್ನುವವರ ಪಾಡು ಮಾತ್ರ ಎಂದುಕೊಳ್ಳುವ ಹಾಗಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಒಂದು ಇ. ಕೋಲೈನಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮೊಳಕೆ ಕಟ್ಟಿದ ಮೆಂತ್ಯ. ಕರುಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಒಂದು ತಳಿ, ಇನ್ನೊಂದರ ವಿಷದ ಜೀನನ್ನೂ ಔಷಧ ತಡೆಯುವ ಪ್ಲಾಸ್ಮಿಡ್ಡನ್ನೂ ಸೇರಿಸಿಕೊಂಡಿತ್ತು. ಅದರ ಪೂರ್ತಿ ಜೀನೋಮ್ ಓದಿದ ಮೇಲೆ ಈ ಬೆರಕೆ ಬಯಲಾಯಿತು. ಜೀನೋಮ್ ಓದುವುದರ ಉಪಯೋಗ ಇದೇ. ಇಬ್ಬರು ರೋಗಿಗಳಲ್ಲಿ ಸಿಕ್ಕ ಇ. ಕೋಲೈ ಒಂದೇ ಬಳ್ಳಿಯ ಕುಡಿಗಳೋ, ಅಥವಾ ಬೇರೆ ಬೇರೆ ಬಳ್ಳಿಗಳು ಒಂದೇ ಪ್ಲಾಸ್ಮಿಡ್ಡನ್ನು ಕೈಗಡ ಪಡೆದಿವೆಯೋ ಎನ್ನುವುದು ಅದರಿಂದ ಗೊತ್ತಾಗುತ್ತದೆ. ಮೊದಲನೆಯದಾದರೆ ಹರಡುತ್ತಿರುವ ಒಂದು ಮೂಲ ಹುಡುಕಬೇಕು. ಎರಡನೆಯದಾದರೆ ಅದು ಈಗಾಗಲೇ ಹತ್ತಾರು ಕಡೆ ಬೇರು ಬಿಟ್ಟಿದೆ.

ಮಣ್ಣಿನ ದಾರಿಯಲ್ಲಿ ವಾಪಸು ಹೆದ್ದಾರಿ ಕಡೆಗೆ ಬಂದು ಅಂಗಡಿ ಮುಂದೆ ನಿಂತೆ. ಗಿರಾಕಿಗಳು ಮೂವರು. ‘ವಿತ್ ಸ್ಕಿನ್ನಾ, ಸ್ಕಿನ್ ಔಟಾ?’ ಎಂದು ಹುಡುಗ ಕೇಳುತ್ತಿದ್ದ. ಕೊಯ್ದ ಕೋಳಿಯನ್ನು ನೀಲಿ ಡ್ರಮ್ಮಿಗೆ ಹಾಕಿದ, ಅದರ ಒದ್ದಾಟ ನಿಂತ ಮೇಲೆ ತೆಗೆದು ಚರ್ಮ ಸುಲಿದ, ಹೊಟ್ಟೆ ಸೀಳಿ ಕರುಳು ಎಳೆದ, ಅದೇ ಕೈಯಲ್ಲಿ ಮಾಂಸವನ್ನು ದಿಮ್ಮಿಯ ಮೇಲಿಟ್ಟು ಕೊಚ್ಚಿದ. ದಿಮ್ಮಿ ಹುಣಸೆ ಮರದ್ದು. ಕತ್ತಿಯ ಏಟಿಗೆ ನಡುವೆ ತಗ್ಗಾಗಿ ಬೋಗುಣಿಯಂತಾಗಿತ್ತು. ಹತ್ತಿರ ಬಗ್ಗಿ ನೋಡಿದೆ. ಸಾವಿರಾರು ಗೀರು, ಪ್ರತಿ ಗೀರಿನಲ್ಲೂ ಕೊಬ್ಬು, ಎಲುಬಿನ ಚೂರು, ನೀರು. ಪಕ್ಕದಲ್ಲಿ ಒಂದು ಬಕೆಟ್. ಕತ್ತಿ, ಕೈ, ಕೊಚ್ಚಿದ ತುಂಡು ಮೂರನ್ನೂ ಅದರಲ್ಲೇ ಅದ್ದುತ್ತಿದ್ದ. ನೀರು ಬದಲಾಯಿಸಿದ್ದು ನಾನಿದ್ದ ಅರ್ಧ ತಾಸಿನಲ್ಲಿ ಒಮ್ಮೆ. ಶೆಡ್ಡಿನಲ್ಲಿ ಒಂದು ಕೋಳಿಯ ಕರುಳಿನಲ್ಲಿದ್ದದ್ದು ಮೂವರ ಚೀಲಕ್ಕೂ ಹೋಗಲು ಈ ಬಕೆಟ್ಟೊಂದೇ ಸಾಕು. ಅಲ್ಲಿ ಒಂದು ನಲ್ಲಿ ಇದ್ದಿದ್ದರೆ, ಹರಿಯುವ ನೀರಿದ್ದಿದ್ದರೆ ಎಂದು ನೋಡುತ್ತ ನಿಂತೆ.

ಮಾಂಸ ಒಳಗಿನವರೆಗೂ ಚೆನ್ನಾಗಿ ಬೇಯುವ ನಮ್ಮ ಸಾರಿನಲ್ಲಿ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಎಪ್ಪತ್ತೈದು ಡಿಗ್ರಿ ಕಾವು ತಲುಪಿದರೆ ಸಾಯುತ್ತವೆ. ಭಯ ಒಲೆಯ ಮೇಲಲ್ಲ, ಒಲೆಗೆ ಹೋಗುವ ಮುಂಚೆ. ಮನೆಗೆ ತಂದ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ರಭಸವಾಗಿ ತೊಳೆದರೆ ಹನಿ ಸಿಡಿದು ಪಕ್ಕದ ಪಾತ್ರೆಗಳ ಮೇಲೆ ಕೂರುತ್ತದೆ. ಮಾಂಸ ಹೆಚ್ಚಿದ ಈಳಿಗೆಯಲ್ಲೇ ಮಂಡಕ್ಕಿಗೆ ಹಸಿ ಈರುಳ್ಳಿ, ಕೊತ್ತಂಬರಿ ಹೆಚ್ಚಿದರೆ ಅವು ಬೇಯುವುದೇ ಇಲ್ಲ. ನಮ್ಮ ಮನೆಯಲ್ಲಿ ಈಗ ಮಾಂಸಕ್ಕೆ ಬೇರೆಯೇ ಚಾಕು, ಬೇರೆಯೇ ಮಣೆ.

ನೀರಿನ ಬಾಟಲಿಯನ್ನು ಟ್ಯಾಂಕಿನ ಹತ್ತಿರ ಮರೆತಿದ್ದೆ. ತರಲು ಮತ್ತೆ ಒಳಗೆ ಹೋದೆ, ಗೇಟಿನ ತೊಟ್ಟಿ ಇನ್ನೂ ನೇರಳೆಯಾಗಿತ್ತು. ಆಕೆ ಕೋಣೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಟ್ಯಾಂಕಿನ ಬುಡದಲ್ಲಿ ಪೈಪಿನ ಜಾಯಿಂಟು ಸಡಿಲಾಗಿ ನೀರು ತೊಟ್ಟಿಕ್ಕುತ್ತಿತ್ತು, ಕೆಳಗೆ ಅಂಗೈಯಗಲ ಗುಂಡಿ. ಕೋಣೆಯ ಹಿಂದಿನಿಂದ ಒಂದು ಕೆಂಚು ಹೇಂಟೆ, ಬೆನ್ನಿಗೆ ಆರು ಮರಿ. ‘ಅವು ನಮ್ಮವ್ರಿ, ಜವಾರಿ. ಅವಕ್ಕೇನ್ ಔಷಧ ಗಿವ್ಸದ ಹಾಕಂಗಿಲ್ಲ’ ಎಂದರು ಆಕೆ. ಹೇಂಟೆ ಗುಂಡಿಯ ಅಂಚಿಗೆ ಬಂದು ನಿಂತು ಲೊಚಗುಟ್ಟಿ ಮರಿಗಳನ್ನು ಕರೆಯಿತು. ಕೊಕ್ಕು ಅದ್ದಿ, ಕತ್ತು ಮೇಲೆತ್ತಿ ನುಂಗಿತು. ಮರಿಗಳು ಒಂದೊಂದಾಗಿ ಬಂದು ಹಾಗೇ ಮಾಡಿದವು. ನಾನು ಜಾಯಿಂಟು ಬಿಗಿ ಮಾಡಲು ನೋಡಿದೆ. ತುಕ್ಕು ಹಿಡಿದಿತ್ತು, ಕೈಯಲ್ಲಿ ತಿರುಗಲಿಲ್ಲ. ‘ಪಾನಾ ಐತಿ ಇರ್ರಿ’ ಎಂದು ಆಕೆ ಹಿಟ್ಟಿನ ಕೈಯಲ್ಲೇ ಎದ್ದು ಒಳಗೆ ಹೋದರು.